ಆರೋಗ್ಯವಾದ ಕಣ್ಣಿನೊಳಗೆ ಇನ್ನೊಂದು ಲೆನ್ಸ್

ಮೈನಸ್ 12 ಪವರ್ ಇರುವವರು ಕನ್ನಡಕ ತೆಗೆದರೆ ಸ್ಪಷ್ಟವಾಗಿ ಕಾಣುವುದು ಸುಮಾರು 8 ಸೆಂಟಿಮೀಟರ್ ದೂರದವರೆಗೆ ಮಾತ್ರ. ಅಂಗೈ ಗೆರೆ, ಮುಖಕ್ಕೆ ತಾಗುವಷ್ಟು ಹತ್ತಿರ ಹಿಡಿದ ಪುಸ್ತಕ, ಮೊಬೈಲಿನ ಪರದೆ ಕಂಡಾವು. ಅದರಾಚೆಗೆ ಬಣ್ಣಗಳಿರುತ್ತವೆ, ಅಂಚುಗಳಿರುವುದಿಲ್ಲ. ರಾತ್ರಿ ಕನ್ನಡಕ ಎಲ್ಲಿಟ್ಟದ್ದೆಂದು ಮರೆತರೆ ಬೆಳಗ್ಗೆ ಕೈಯಿಂದ ತಡಕಿಯೇ ಹುಡುಕಬೇಕು.

ಇಂಥ ಕಣ್ಣಿನಲ್ಲಿ ಬಹುಮಟ್ಟಿಗೆ ಎಡವಟ್ಟಾಗಿರುವುದು ಉದ್ದದಲ್ಲಿ. ಬೆಳೆದವರ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್ ಇರುತ್ತದೆ. ಅದು ಒಂದು ಮಿಲಿಮೀಟರ್ ಹೆಚ್ಚಾದರೆ ಎರಡೂವರೆಯಿಂದ ಮೂರು ಡಯಾಪ್ಟರ್‌ನಷ್ಟು ಮೈನಸ್ ಏರುತ್ತದೆ. ಮೈನಸ್ 6 ದಾಟಿದರೆ ವೈದ್ಯರು ತೀವ್ರ ಸಮೀಪದೃಷ್ಟಿ ಎನ್ನುತ್ತಾರೆ. ಒಮ್ಮೆ ಹಿಗ್ಗಿದ ಗುಡ್ಡೆಯನ್ನು ರೂಢಿಯಲ್ಲಿರುವ ಯಾವ ಚಿಕಿತ್ಸೆಯೂ ಮೊದಲಿನ ಅಳತೆಗೆ ತರುವುದಿಲ್ಲ. ಕನ್ನಡಕವಾಗಲಿ, ಲೇಸರ್ ಆಗಲಿ, ಒಳಗೆ ಕೂರಿಸುವ ಲೆನ್ಸ್ ಆಗಲಿ, ಎಲ್ಲವೂ ಮಾಡುವುದು ಒಂದೇ ಕೆಲಸ: ಬೆಳಕನ್ನು ಇನ್ನಷ್ಟು ಹಿಂದಕ್ಕೆ, ಕಣ್ಣಿನ ಹಿಂಗೋಡೆಯ ರೆಟಿನಾದವರೆಗೆ ಮುಟ್ಟಿಸುವುದು.

ಈ ಕೆಲಸವನ್ನು ಶತಮಾನಗಳ ಕಾಲ ಗಾಜೇ ಮಾಡಿತು. 1518ರ ಸುಮಾರಿಗೆ ರಾಫೆಲ್ ಬರೆದ ಹತ್ತನೆಯ ಲಿಯೋ ಪೋಪರ ಚಿತ್ರದಲ್ಲಿ, ಕಡು ಸಮೀಪದೃಷ್ಟಿಯ ಆ ಧರ್ಮಗುರು ಕೈಯಲ್ಲಿ ಮಸೂರವೊಂದನ್ನು ಹಿಡಿದು ಕುಳಿತಿದ್ದಾರೆ. ಹೆಚ್ಚೂಕಡಿಮೆ ಅದೇ ಹೊತ್ತಿಗೆ ವಿಜಯನಗರದಲ್ಲಿ ವ್ಯಾಸರಾಯರು ಕನ್ನಡಕ ಧರಿಸಿ ಗ್ರಂಥ ನೋಡುತ್ತಿದ್ದ ಪ್ರಸ್ತಾಪ ಸೋಮನಾಥ ಕವಿಯ ‘ವ್ಯಾಸಯೋಗಿಚರಿತ’ದಲ್ಲಿ ಬರುತ್ತದೆ. ಭಾರತದಲ್ಲಿ ಕನ್ನಡಕದ ಮೊದಮೊದಲ ಉಲ್ಲೇಖಗಳಲ್ಲಿ ಅದೂ ಒಂದು. ಲಿಯೋ ಅವರದ್ದು ದೂರ ನೋಡಲು ಬೇಕಾದ ನಿಮ್ನ ಮಸೂರ. ವಯಸ್ಸಾದವರು ಓದಲು ಬಳಸುವುದು ಪೀನ ಮಸೂರ. ನಿಮ್ನ ಮಸೂರ ಏಕೆ ಕೆಲಸ ಮಾಡುತ್ತದೆ ಎಂಬುದಕ್ಕೆ ವಿವರಣೆ ಸಿಗಲು ಕೆಪ್ಲರ್‌ವರೆಗೆ ಕಾಯಬೇಕಾಯಿತು. ಚಿತ್ರ ಮೂಡುವುದು ರೆಟಿನಾದ ಮೇಲೆ, ಸಮೀಪದೃಷ್ಟಿಯವರಲ್ಲಿ ಕಿರಣಗಳು ಅಲ್ಲಿಗೆ ಮುಟ್ಟುವ ಮೊದಲೇ ಕೂಡಿಬಿಡುತ್ತವೆ ಎಂದು 1604ರ ಗ್ರಂಥದಲ್ಲಿ ಅವನು ಬಿಡಿಸಿ ಹೇಳಿದ.

ಆದರೆ ಪವರ್ ಏರಿದಂತೆ ಗಾಜಿನ ಮಿತಿಯೂ ಕಾಣತೊಡಗುತ್ತದೆ. ಮೈನಸ್ 12ರ ಕನ್ನಡಕದಲ್ಲಿ ಎದುರಿನ ವಸ್ತು ಸುಮಾರು ಶೇಕಡಾ 12ರಷ್ಟು ಚಿಕ್ಕದಾಗಿ ಕಾಣುತ್ತದೆ. ಫ್ರೇಮಿನ ಅಂಚಿನಲ್ಲಿ ಗೋಡೆ, ಬಾಗಿಲು ಬಾಗುತ್ತವೆ. ನೋಡುವವರಿಗೂ ಆ ಕಣ್ಣು ಚಿಕ್ಕದಾಗಿ, ಗಾಜಿನೊಳಗೆ ಸುತ್ತುಸುತ್ತಿನ ಉಂಗುರಗಳ ನಡುವೆ ಕಾಣುತ್ತದೆ. ನಮ್ಮ ಶಾಲೆಗಳಲ್ಲಿ ‘ಸೋಡಾಬುಡ್ಡಿ’ ಅನ್ನಿಸಿಕೊಂಡು ಬೆಳೆದ ಮಕ್ಕಳು, ಅದರಲ್ಲೂ ಮದುವೆಯ ಮಾತುಕತೆಯಲ್ಲಿ ಕನ್ನಡಕದ ದಪ್ಪವೇ ಚರ್ಚೆಯಾದ ಹೆಣ್ಣುಮಕ್ಕಳು ಆ ಉಂಗುರಗಳ ಭಾರವನ್ನು ಬಲ್ಲರು. ಕಾಂಟ್ಯಾಕ್ಟ್ ಲೆನ್ಸ್ ಇದನ್ನು ಬಹುಪಾಲು ನೀಗಿತು. ಆದರೆ ಕಣ್ಣು ಒಣಗುವವರಿಗೆ, ಧೂಳಿನಲ್ಲಿ ದುಡಿಯುವವರಿಗೆ ಅದನ್ನು ದಿನವಿಡೀ ತಾಳುವುದು ಕಷ್ಟ.

ಶಸ್ತ್ರಚಿಕಿತ್ಸೆಯಿಂದ ಸಮೀಪದೃಷ್ಟಿ ನೀಗಿಸುವ ಮೊದಲ ದೊಡ್ಡ ಪ್ರಯತ್ನದಲ್ಲಿ ಕಣ್ಣೊಳಗೆ ಏನನ್ನೂ ಇಡಲಿಲ್ಲ, ಇದ್ದದ್ದನ್ನೇ ತೆಗೆದರು. 1890ರ ಸುಮಾರಿಗೆ ಆಸ್ಟ್ರಿಯಾ ಸಾಮ್ರಾಜ್ಯದ ವೈದ್ಯ ವಿನ್ಸೆನ್ಸ್ ಫುಕಾಲಾ, ಪೊರೆ ಬಂದಿರದ ತಿಳಿಯಾದ ಲೆನ್ಸನ್ನೇ ಹೊರತೆಗೆಯುವ ಪದ್ಧತಿಯನ್ನು ಮುಂದಿಟ್ಟ. ಲೆಕ್ಕ ಸರಿಯಾಗಿಯೇ ಇತ್ತು. ಕಣ್ಣಿನ ಸಹಜ ಲೆನ್ಸ್ ಬೆಳಕನ್ನು ಬಲವಾಗಿ ಬಾಗಿಸುತ್ತದೆ. ತೀರಾ ಉದ್ದವಾದ ಕಣ್ಣಿನಿಂದ ಅದನ್ನು ತೆಗೆದರೆ ಮೈನಸ್ ಬಹುಪಾಲು ಇಲ್ಲವಾಗುತ್ತದೆ. ಕೆಲವರ್ಷ ಯುರೋಪಿನಲ್ಲಿ ಈ ಆಪರೇಷನ್ ಜನಪ್ರಿಯವೂ ಆಯಿತು. ಆಮೇಲೆ ಸೋಂಕಿನ ಸುದ್ದಿ ಬಂತು, ರೆಟಿನಾ ಕಳಚಿ ಕುರುಡಾದವರ ಸುದ್ದಿಯೂ ಬಂತು. ಉದ್ದವಾದ ಕಣ್ಣಿನಲ್ಲಿ ರೆಟಿನಾ ಮೊದಲೇ ತೆಳುವಾಗಿ ಎಳೆದುಕೊಂಡಿರುತ್ತದೆ. ಲೆನ್ಸ್ ತೆಗೆದು ಒಳಗಿನ ಸಮತೋಲವನ್ನು ಕೆಡಿಸಿದರೆ ಅದು ಹರಿಯುವ ಅಪಾಯ ಹೆಚ್ಚುತ್ತದೆ. ಯುವಕರು ಹತ್ತಿರದ್ದನ್ನು ಫೋಕಸ್ ಮಾಡುವ ಶಕ್ತಿಯನ್ನೂ ಕಳೆದುಕೊಂಡರು. ಪದ್ಧತಿ ಮೂಲೆಗೆ ಸೇರಿತು.

ಕಣ್ಣೊಳಗೆ ಏನನ್ನಾದರೂ ಇಡಬಹುದು ಎಂಬ ಧೈರ್ಯ ಹುಟ್ಟಿದ್ದು ಯುದ್ಧದ ಗಾಯಗಳಿಂದ. 1940ರ ಆಗಸ್ಟ್‌ನಲ್ಲಿ, ಬ್ರಿಟನ್ನಿನ ಆಕಾಶದ ಕದನದ ನಡುವೆ, ಗಾರ್ಡನ್ ಕ್ಲೀವರ್ ಎಂಬ ಪೈಲಟ್‌ನ ಹರಿಕೇನ್ ವಿಮಾನಕ್ಕೆ ಗುಂಡು ಬಡಿದು ಮೇಲ್ಛಾವಣಿಯ ಪರ್ಸ್ಪೆಕ್ಸ್ ಪ್ಲಾಸ್ಟಿಕ್ ಸಿಡಿಯಿತು. ಅದರ ಚೂರುಗಳು ಅವನ ಎರಡೂ ಕಣ್ಣಿಗೆ ಹೊಕ್ಕವು. ಒಂದು ಕಣ್ಣು ಹೋಯಿತು. ಇನ್ನೊಂದನ್ನು ಉಳಿಸಿಕೊಳ್ಳಲು ಹಲವು ಆಪರೇಷನ್ ಬೇಕಾದವು. ಇಂಥ ಪೈಲಟ್‌ಗಳನ್ನು ನೋಡಿದ ಲಂಡನ್ನಿನ ನೇತ್ರತಜ್ಞ ಹೆರಾಲ್ಡ್ ರಿಡ್ಲಿ ಒಂದು ಸಂಗತಿ ಗಮನಿಸಿದರು: ಚೂರು ಒಳಗೇ ಉಳಿದರೂ, ಕದಲದೆ ಇದ್ದಲ್ಲಿ ಕಣ್ಣು ಉರಿಯೂತವಿಲ್ಲದೆ ಅದನ್ನು ಸಹಿಸಿಕೊಂಡಿತ್ತು. ಪೊರೆ ತೆಗೆಯುವುದನ್ನು ನೋಡುತ್ತಿದ್ದ ವೈದ್ಯಕೀಯ ವಿದ್ಯಾರ್ಥಿಯೊಬ್ಬ, ತೆಗೆದ ಲೆನ್ಸಿನ ಜಾಗಕ್ಕೆ ಬೇರೆಯದನ್ನು ಇಡುವುದಿಲ್ಲವೇ ಎಂದು ಕೇಳಿದನಂತೆ. ರಿಡ್ಲಿ ರೇನರ್ ಕಂಪನಿಯ ಜಾನ್ ಪೈಕ್ ಜೊತೆ ಕುಳಿತು ಪರ್ಸ್ಪೆಕ್ಸಿನ ಲೆನ್ಸ್ ರೂಪಿಸಿದರು. 1949ರ ನವೆಂಬರ್ 29ರಂದು ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮೊದಲ ಆಪರೇಷನ್ ಶುರುವಾಯಿತು. ಲೆನ್ಸ್ ಕಾಯಂ ಆಗಿ ಕೂತದ್ದು 1950ರ ಫೆಬ್ರವರಿ 8ರಂದು.

ಆ ಮೊದಲ ರೋಗಿಗೆ ಆದದ್ದೇನು? ಲೆನ್ಸಿನ ಪವರ್ ವಿಪರೀತವಾಗಿ, ಆಕೆಗೆ ಮೈನಸ್ 18ಕ್ಕೂ ಮೇಲಿನ ಸಮೀಪದೃಷ್ಟಿ ಉಳಿಯಿತು. ಪೊರೆ ನೀಗಿಸಲು ಹೋಗಿ ಕಡು ಸಮೀಪದೃಷ್ಟಿಯನ್ನು ತಂದಿಟ್ಟಂತಾಯಿತು. ಆದರೂ ಅದರೊಳಗೆ ಮಹತ್ವದ ಪಾಠವಿತ್ತು. ಕಣ್ಣೊಳಗೆ ಕೂತ ಒಂದು ಪುಟ್ಟ ಬಿಲ್ಲೆ ಇಷ್ಟು ದೊಡ್ಡ ಬದಲಾವಣೆ ತರಬಲ್ಲುದಾದರೆ, ಅದರ ಬದಲು ನಿಮ್ನ ಮಸೂರವೊಂದನ್ನು ಇಟ್ಟರೆ?

ರಿಡ್ಲಿಯವರ ಕೆಲಸವನ್ನು ಅವರ ಕಾಲದ ದೊಡ್ಡವರು ಒಪ್ಪಲಿಲ್ಲ. ಬ್ರಿಟನ್ನಿನ ನೇತ್ರವೈದ್ಯರಲ್ಲೇ ಅತ್ಯಂತ ಪ್ರಭಾವಿಯಾಗಿದ್ದ ಸ್ಟುವರ್ಟ್ ಡ್ಯೂಕ್-ಎಲ್ಡರ್, 1951ರಲ್ಲಿ ಆಕ್ಸ್‌ಫರ್ಡ್ ಸಭೆಗೆ ರಿಡ್ಲಿ ಕರೆತಂದಿದ್ದ ರೋಗಿಗಳನ್ನು ಪರೀಕ್ಷಿಸಲೂ ಮನಸ್ಸು ಮಾಡಲಿಲ್ಲ. ರಿಡ್ಲಿಯವರಿಗೆ ಸರ್ ಪದವಿ ಸಿಕ್ಕಿದ್ದು 2000ದಲ್ಲಿ, ಮರುವರ್ಷ ಅವರು ತೀರಿಕೊಂಡರು.

ಭಾರತದ ಬಹುಜನರಿಗೆ ಈ ಲೆನ್ಸ್ ಮುಟ್ಟಲು ಹಲವು ದಶಕ ಹಿಡಿಯಿತು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಬಯಲು ಶಿಬಿರಗಳಲ್ಲಿ ಪೊರೆ ತೆಗೆಯುತ್ತಿದ್ದ ಕಾಲದಲ್ಲಿ ಆಪರೇಷನ್ ಆದವರಿಗೆ ಸಿಗುತ್ತಿದ್ದದ್ದು ಲೆನ್ಸಲ್ಲ, ನಡುವೆ ಉಬ್ಬಿದ ದಪ್ಪ ಪ್ಲಸ್ ಕನ್ನಡಕ. ಅದೇ ಲಕ್ಷಾಂತರ ಮಂದಿಗೆ ಕಣ್ಣು ಕೊಟ್ಟಿತು. ಮುಂದೆ ಅಮೃತಸರದ ಡಾ. ದಲ್ಜಿತ್ ಸಿಂಗ್ ಲೆನ್ಸ್ ಅಳವಡಿಕೆಯನ್ನು ದೇಶದಲ್ಲಿ ಬೆಳೆಸಿದರು. 1992ರಲ್ಲಿ ಮಧುರೈಯ ಅರವಿಂದ್ ಸಂಸ್ಥೆ ಶುರುಮಾಡಿದ ಅರೋಲ್ಯಾಬ್ ಅದರ ಬೆಲೆ ಇಳಿಸಿತು.

ಆದರೆ ಪೊರೆಯ ಕಣ್ಣೇ ಬೇರೆ, ಸಮೀಪದೃಷ್ಟಿಯ ಕಣ್ಣೇ ಬೇರೆ. ಪೊರೆ ಬಂದವರಿಗೆ ಹಳೆಯ ಲೆನ್ಸ್ ಕೆಟ್ಟಿರುತ್ತದೆ, ತೆಗೆದರೆ ನಷ್ಟವಿಲ್ಲ. ಇಪ್ಪತ್ತೈದರ ಯುವತಿಯ ಕಣ್ಣಿನಲ್ಲಿ ಎಲ್ಲ ಭಾಗವೂ ಚೆನ್ನಾಗಿಯೇ ಇರುತ್ತದೆ. ಸಹಜ ಲೆನ್ಸನ್ನು ಮುಟ್ಟದೆ, ಅದರ ಮುಂದೆ ಇನ್ನೊಂದನ್ನು ಹೆಚ್ಚುವರಿಯಾಗಿ ಇಡಬೇಕು. ಇಲ್ಲಿ ತಪ್ಪಾದರೆ ಕೆಡುವುದು ಆರೋಗ್ಯವಾದ ಕಣ್ಣು.

ಆ ಸಾಹಸಕ್ಕೆ ಮೊದಲು ಕೈಹಾಕಿದವರು ಇಟಲಿಯ ಬೆನೆಡೆಟ್ಟೊ ಸ್ಟ್ರಾಂಪೆಲ್ಲಿ, 1953ರಲ್ಲಿ. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ಮತ್ತು ಅದರ ಹಿಂದಿನ ಬಣ್ಣದ ಬಳೆಯಾದ ಐರಿಸ್ ನಡುವಿನ ಮುಂಗೋಣೆಯಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ನಿಮ್ನ ಲೆನ್ಸ್ ಇಟ್ಟರು. ಬಾರ್ಸಿಲೋನಾದ ವಾಕಿನ್ ಬಾರಾಕ್ವೆರ್ ಅದನ್ನು ದೊಡ್ಡ ಪ್ರಮಾಣದಲ್ಲಿ ಮುಂದುವರಿಸಿದರು. ದಶಕ ಮುಗಿಯುವ ಹೊತ್ತಿಗೆ ಇನ್ನೂರಕ್ಕೂ ಹೆಚ್ಚು ಸಮೀಪದೃಷ್ಟಿಯ ಕಣ್ಣುಗಳಲ್ಲಿ ಲೆನ್ಸ್ ಕೂತಿತ್ತು. ಮೊದಮೊದಲು ಎಲ್ಲರಿಗೂ ಸಂತೋಷ. ಕನ್ನಡಕ ಕಳಚಿತು, ವಸ್ತುಗಳು ಅವುಗಳ ನಿಜವಾದ ಗಾತ್ರದಲ್ಲಿ ಕಂಡವು. ವರ್ಷಗಳು ಉರುಳಿದಂತೆ ಒಂದೊಂದೇ ಕಣ್ಣು ಮಸುಕಾಗತೊಡಗಿತು. ಕಾರ್ನಿಯಾ ಊದಿಕೊಂಡಿತು, ಕೆಲವರಲ್ಲಿ ಒತ್ತಡ ಏರಿ ಗ್ಲಾಕೋಮಾ ಬಂತು. ಅರ್ಧಕ್ಕಿಂತ ಹೆಚ್ಚು ಲೆನ್ಸುಗಳನ್ನು ಬಾರಾಕ್ವೆರ್ ತಾವೇ ಹೊರತೆಗೆಯಬೇಕಾಯಿತು. ಅವರು ಅದನ್ನು ಮುಚ್ಚಿಡಲಿಲ್ಲ, ಪ್ರಕಟಿಸಿದರು. ಇಂದಿನ ಸುರಕ್ಷತೆಯ ನಿಯಮಗಳಿಗೆ ತಳಪಾಯ ಬಿದ್ದದ್ದು ಅಂಥ ಪ್ರಾಮಾಣಿಕತೆಯಿಂದ. ಆ ವರದಿಯ ಹಿಂದೆ ಹೆಸರಿಲ್ಲದ ನೂರಾರು ರೋಗಿಗಳ ಕಣ್ಣಿದೆ ಎಂಬುದನ್ನು ಮರೆಯುವಂತಿಲ್ಲ.

ತಪ್ಪು ನಡೆದದ್ದೆಲ್ಲಿ? ಕಾರ್ನಿಯಾದ ಒಳಮೈಯಲ್ಲಿ ಒಂದೇ ಪದರದ ಜೀವಕೋಶಗಳಿವೆ. ಇದೇ ಎಂಡೋಥೀಲಿಯಂ. ಕಾರ್ನಿಯಾದೊಳಗೆ ಜಿನುಗುವ ನೀರನ್ನು ಸದಾ ಹೊರಹಾಕುತ್ತ ಅದನ್ನು ತಿಳಿಯಾಗಿಡುವುದು ಇವುಗಳ ಕೆಲಸ. ಬೆಳೆದವರಲ್ಲಿ ಚದರ ಮಿಲಿಮೀಟರಿಗೆ ಎರಡೂವರೆ ಸಾವಿರದ ಆಸುಪಾಸು ಇರುತ್ತವೆ. ಸತ್ತ ಕೋಶದ ಜಾಗಕ್ಕೆ ಹೊಸದು ಹುಟ್ಟುವುದಿಲ್ಲ. ಅಕ್ಕಪಕ್ಕದವು ಹಿಗ್ಗಿ ಜಾಗ ತುಂಬುತ್ತವೆ, ಅಷ್ಟೇ. ಸಂಖ್ಯೆ ತೀರಾ ಕುಸಿಯುವವರೆಗೆ ಕಾರ್ನಿಯಾ ತಿಳಿಯಾಗಿಯೇ ಇರುತ್ತದೆ, ರೋಗಿಗೆ ಏನೂ ಗೊತ್ತಾಗುವುದಿಲ್ಲ. ಒಮ್ಮೆ ಕುಸಿದರೆ ಕಾರ್ನಿಯಾ ಕಸಿಯೇ ದಾರಿ. ಐವತ್ತರ ದಶಕದ ಲೆನ್ಸುಗಳು ದಪ್ಪ, ಅಂಚು ಒರಟು. ಕಣ್ಣು ಉಜ್ಜಿಕೊಂಡಾಗಲೆಲ್ಲ ಈ ಕೋಶಗಳಿಗೆ ತಗಲುತ್ತಿದ್ದವು.

ಇದೇ ಅಜ್ಞಾನಕ್ಕೆ ಜಪಾನೂ ಬೆಲೆ ತೆತ್ತಿತ್ತು. ಟೋಕಿಯೋದ ತ್ಸುತೋಮು ಸಾತೋ ನೂರಾರು ಕಣ್ಣುಗಳಲ್ಲಿ ಕಾರ್ನಿಯಾದ ಒಳಮೈಯಿಂದ ಗೀರು ಹಾಕಿ ಅದನ್ನು ಚಪ್ಪಟೆ ಮಾಡಿದರು. ಫಲಿತಾಂಶ ಚೆನ್ನಾಗಿತ್ತು. ಸುಮಾರು ಎರಡು ದಶಕಗಳ ನಂತರ ಆ ರೋಗಿಗಳಲ್ಲಿ ಬಹಳ ಮಂದಿ ಊದಿದ, ಮಸುಕಾದ ಕಾರ್ನಿಯಾ ಹೊತ್ತು ಆಸ್ಪತ್ರೆಗೆ ಮರಳಿದರು. ಕಣ್ಣಿನ ಶಸ್ತ್ರಚಿಕಿತ್ಸೆಯಲ್ಲಿ ಒಂದು ವರ್ಷದ ಯಶಸ್ಸನ್ನು ಯಶಸ್ಸೆಂದು ಕರೆಯಬಾರದು ಎಂಬುದಕ್ಕೆ ಇದಕ್ಕಿಂತ ಕಠೋರ ಸಾಕ್ಷ್ಯ ಬೇಕಿಲ್ಲ. ಜೀವಂತ ಕಣ್ಣಿನಲ್ಲಿ ಈ ಕೋಶಗಳನ್ನು ಫೋಟೋ ತೆಗೆದು ಎಣಿಸುವ ಸ್ಪೆಕ್ಯುಲರ್ ಮೈಕ್ರೋಸ್ಕೋಪ್ ಬಳಕೆಗೆ ಬಂದದ್ದು ಎಪ್ಪತ್ತರ ದಶಕದಲ್ಲಿ. ಎಣಿಸಲು ಬಂದ ಮೇಲೆಯೇ ಒಳಗೆ ಲೆನ್ಸ್ ಇಡುವ ಮಾತನ್ನು ಮತ್ತೆ ಎತ್ತಲು ಸಾಧ್ಯವಾಯಿತು.

ಅಷ್ಟರಲ್ಲಿ ಇನ್ನೊಂದು ದಾರಿಯೂ ತೆರೆದಿತ್ತು: ಕಾರ್ನಿಯಾವನ್ನೇ ಕೆತ್ತುವುದು. ವಾಕಿನ್ ಅವರ ಅಣ್ಣ ಹೊಸೆ ಬಾರಾಕ್ವೆರ್ ಕೊಲಂಬಿಯಾದ ಬೊಗೊಟಾದಲ್ಲಿ ಕಾರ್ನಿಯಾದ ಪದರವನ್ನು ತೆಗೆದು, ಹೆಪ್ಪುಗಟ್ಟಿಸಿ, ಲೇತ್ ಯಂತ್ರದಲ್ಲಿ ಕಡೆದು ಮರಳಿ ಹೊಲಿಯುತ್ತಿದ್ದರು. 1981ರ ನವೆಂಬರ್‌ನಲ್ಲಿ ಐಬಿಎಂ ಪ್ರಯೋಗಾಲಯದಲ್ಲಿ ಮದ್ರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್, ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಣುಕಿನ ಮೇಲೆ ಎಕ್ಸೈಮರ್ ಲೇಸರ್ ಹಾಯಿಸಿದರು. ಸುತ್ತಲಿನ ಅಂಗಾಂಶ ಸುಡದೆ ಗೆರೆ ಚೊಕ್ಕಟವಾಗಿ ಕೊರೆದುಕೊಂಡಿತು. ಅಲ್ಲಿಂದ ಲೇಸರಿನಿಂದ ಕಾರ್ನಿಯಾ ಕೆತ್ತುವ ಲ್ಯಾಸಿಕ್ ಬೆಳೆಯಿತು. ಕೋಟ್ಯಂತರ ಜನ ಕನ್ನಡಕ ಕಳಚಿದರು.

ಕಡು ಮೈನಸ್‌ನವರಿಗೆ ಮಾತ್ರ ಆ ಬಾಗಿಲು ಪೂರ್ತಿ ತೆರೆಯಲಿಲ್ಲ. 6 ಮಿಲಿಮೀಟರ್ ಅಗಲದ ವಲಯದಲ್ಲಿ ಒಂದು ಡಯಾಪ್ಟರ್ ತಗ್ಗಿಸಲು ಸುಮಾರು 12 ಮೈಕ್ರಾನ್ ಕಾರ್ನಿಯಾ ಸವೆಸಬೇಕು. ಮೈನಸ್ 14 ಎಂದರೆ 168 ಮೈಕ್ರಾನ್. ಕಾರ್ನಿಯಾ ಇರುವುದೇ 540ರ ಆಸುಪಾಸು. ಕೆತ್ತುವ ಮೊದಲು ಮೇಲೆ ಎತ್ತುವ ಕಾರ್ನಿಯಾದ ಪದರಕ್ಕೆ 110 ಕಳೆಯಿರಿ. ಉಳಿಯುವುದು 260 ಚಿಲ್ಲರೆ. 300ಕ್ಕಿಂತ ಕಡಿಮೆ ಉಳಿಸಲು ಇಂದು ಬಹಳ ಸರ್ಜನ್ನರು ಒಪ್ಪುವುದಿಲ್ಲ, ಏಕೆಂದರೆ ತೆಳುವಾದ ಕಾರ್ನಿಯಾ ಕಾಲಕ್ರಮೇಣ ಮುಂದಕ್ಕೆ ಉಬ್ಬಿ ದೃಷ್ಟಿ ಕೆಡಬಹುದು. ಸವೆಸಿದ್ದನ್ನು ಮರಳಿ ತುಂಬಲು ಬರುವುದಿಲ್ಲ.

ಒಳಲೆನ್ಸಿನ ಎರಡನೆಯ ಅಧ್ಯಾಯ 1986ರ ಆಸುಪಾಸಿನಲ್ಲಿ ಒಂದೇ ಬಾರಿಗೆ ಮೂರು ಕಡೆ ಶುರುವಾಯಿತು. ಫ್ರಾನ್ಸಿನ ಜಾರ್ಜ್ ಬೈಕಾಫ್ ಮುಂಗೋಣೆಯ ಲೆನ್ಸಿಗೆ ಹೊಸ ರೂಪ ಕೊಟ್ಟರು. ಕೋಶನಷ್ಟದ ಹಳೆಯ ಪೀಡೆ ಅದನ್ನೂ ಬಿಡಲಿಲ್ಲ. ಮಾಸ್ಕೋದಲ್ಲಿ ಸ್ವ್ಯಾತೊಸ್ಲಾವ್ ಫ್ಯೊದೊರೊವ್ ಸಿಲಿಕೋನಿನ ಲೆನ್ಸನ್ನು ಪಾಪೆಯಲ್ಲಿ ಸಿಕ್ಕಿಸಿದರು; ಅದು ಸಹಜ ಲೆನ್ಸಿಗೆ ತಾಗಿ ಪೊರೆ ತರಿಸಿತು, ಆದರೆ ಐರಿಸಿನ ಹಿಂದಿನ ಜಾಗ ಕಾರ್ನಿಯಾದಿಂದ ದೂರವಿದೆ ಎಂಬುದನ್ನು ತೋರಿಸಿಕೊಟ್ಟಿತು. ಮೂರನೆಯದು ನೆದರ್ಲೆಂಡ್ಸಿನ ಯಾನ್ ವೋರ್ಸ್ಟ್ ಮತ್ತು ಜರ್ಮನಿಯ ಪೌಲ್ ಫೆಖ್ನರ್ ಅವರದ್ದು. ಏಡಿಯ ಕೊಂಡಿಯಂತೆ ಐರಿಸಿನ ಚೂರನ್ನು ಎರಡೂ ಬದಿ ಕಚ್ಚಿ ಹಿಡಿಯುವ ವೋರ್ಸ್ಟರ ಲೆನ್ಸನ್ನು ಅವರು ಸಮೀಪದೃಷ್ಟಿಗೆ ಒಗ್ಗಿಸಿದರು. ಇದೇ ಕೊಂಡಿ ಲೆನ್ಸನ್ನು ದಲ್ಜಿತ್ ಸಿಂಗ್ ಅಮೃತಸರದಲ್ಲಿ ಪೊರೆ ರೋಗಿಗಳಿಗೆ ಬಳಸುತ್ತಿದ್ದರು. ಅದಕ್ಕೆ ಸಿಂಗ್-ವೋರ್ಸ್ಟ್ ಲೆನ್ಸ್ ಎಂಬ ಹೆಸರೂ ಬಿತ್ತು. 2004ರಲ್ಲಿ ಅಮೆರಿಕದ ಔಷಧ-ಉಪಕರಣ ನಿಯಂತ್ರಕ ಸಂಸ್ಥೆ ಎಫ್‌ಡಿಎ ಸಮೀಪದೃಷ್ಟಿಗೆ ಒಪ್ಪಿದ ಇಂಥ ಮೊದಲ ಲೆನ್ಸ್ ಈ ಕೊಂಡಿಯದೇ.

ಇಂದು ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನ ಕಣ್ಣಾಸ್ಪತ್ರೆಗಳಲ್ಲಿ ‘ಐಸಿಎಲ್ ಹಾಕಿಸ್ಕೊಳ್ಳಿ’ ಎಂದು ಹೇಳುವುದು ಐರಿಸಿನ ಹಿಂದೆ, ಸಹಜ ಲೆನ್ಸಿನ ಮುಂದೆ ಕೂರುವ ಮೆತ್ತನೆಯ ಲೆನ್ಸನ್ನು. ಕ್ಯಾಲಿಫೋರ್ನಿಯಾದ ಸ್ಟಾರ್ ಸರ್ಜಿಕಲ್ ಕಂಪನಿ ತಯಾರಿಸಿದ ಇದನ್ನು 1993ರಲ್ಲಿ ಮೊದಲು ಮನುಷ್ಯರ ಕಣ್ಣಿಗೆ ಹಾಕಲಾಯಿತು. ಕಾಲಮರ್ ಎಂಬ ಅದರ ವಸ್ತುವಿನಲ್ಲಿ ಹಂದಿಯಿಂದ ಪಡೆದ ಕೊಲಾಜನ್ ಅತ್ಯಲ್ಪ ಪ್ರಮಾಣದಲ್ಲಿ ಬೆರೆತಿದೆ. ಆಹಾರ, ಆಚಾರದ ಕಾರಣಕ್ಕೆ ಇದನ್ನು ತಿಳಿಯಬಯಸುವವರಿಗೆ ಮೊದಲೇ ಹೇಳುವುದು ವೈದ್ಯರ ಕರ್ತವ್ಯ. ಗುಜರಾತಿನ ವಡೋದರದಲ್ಲಿ ತಯಾರಾಗುವ ಐಪಿಸಿಎಲ್ ಎಂಬ ದೇಶೀ ಲೆನ್ಸ್ ಅಕ್ರಿಲಿಕ್ಕಿನದು.

ಆಪರೇಷನ್ ಚಿಕ್ಕದು. ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸುತ್ತಾರೆ, ಕಣ್ಣು ಮರಗಟ್ಟಿಸುತ್ತಾರೆ. ಕಾರ್ನಿಯಾದ ಅಂಚಿನಲ್ಲಿ ಸುಮಾರು 3 ಮಿಲಿಮೀಟರ್ ಗಾಯ. ಸುರುಳಿ ಸುತ್ತಿದ ಲೆನ್ಸ್ ಇಂಜೆಕ್ಟರಿನ ತುದಿಯಿಂದ ಹೊರಬಂದು ಮುಂಗೋಣೆಯಲ್ಲಿ ನಿಧಾನ ಬಿಚ್ಚಿಕೊಳ್ಳುತ್ತದೆ. ಅದು ತಲೆಕೆಳಗಾಗಿ ಬಿಚ್ಚಿಕೊಳ್ಳದಂತೆ ಸರ್ಜನ್ ಆ ಕೆಲವು ಸೆಕೆಂಡು ಕಣ್ಣು ಮಿಟುಕಿಸದೆ ನೋಡುತ್ತಾರೆ. ಆಮೇಲೆ ಸಣ್ಣ ಉಪಕರಣದಿಂದ ನಾಲ್ಕು ಮೂಲೆಗಳನ್ನು ಒಂದೊಂದಾಗಿ ಐರಿಸಿನ ಕೆಳಗೆ ತಳ್ಳುತ್ತಾರೆ. ಹೊಲಿಗೆ ಬೇಕಾಗುವುದಿಲ್ಲ. ಒಂದೆರಡು ಗಂಟೆ ಕೂರಿಸಿ ಕಣ್ಣಿನ ಒತ್ತಡ ನೋಡಿ ಮನೆಗೆ ಕಳಿಸುತ್ತಾರೆ.

ಕಷ್ಟವಿರುವುದು ಆಪರೇಷನ್ನಿಗೆ ಮೊದಲಿನ ಅಳತೆಯಲ್ಲಿ. ಹೊಸ ಲೆನ್ಸಿಗೂ ಸಹಜ ಲೆನ್ಸಿಗೂ ನಡುವಿನ ಅಂತರವನ್ನು ವಾಲ್ಟ್ ಎನ್ನುತ್ತಾರೆ. ಅದು ಸುಮಾರು 250ರಿಂದ 750 ಮೈಕ್ರಾನ್ ಒಳಗಿದ್ದರೆ ಚೆನ್ನ. ಕಡಿಮೆಯಾದರೆ ಸಹಜ ಲೆನ್ಸಿಗೆ ತಾಗಿ ಪೊರೆ. ಹೆಚ್ಚಾದರೆ ಐರಿಸನ್ನು ಮುಂದಕ್ಕೆ ನೂಕಿ ನೀರಿನ ದಾರಿ ಕಟ್ಟಿ ಒತ್ತಡ. ಲೆನ್ಸ್ ಸಿಗುವುದು 12.1, 12.6, 13.2, 13.7 ಮಿಲಿಮೀಟರ್ ಎಂಬ ನಾಲ್ಕೇ ಅಳತೆಗಳಲ್ಲಿ, ಅದರ ನಡುವೆಯೇ ಆರಿಸಬೇಕು. ಹಳೆಯ ಮಾದರಿಯಲ್ಲಿ ಇನ್ನೊಂದು ತೊಡಕಿತ್ತು. ಕಣ್ಣೊಳಗಿನ ದ್ರವ ಐರಿಸಿನ ಹಿಂದಿನಿಂದ ಪಾಪೆಯ ಮೂಲಕ ಮುಂದೆ ಬರುತ್ತದೆ. ಲೆನ್ಸ್ ಅದಕ್ಕೆ ಅಡ್ಡವಾಗದಿರಲೆಂದು ಐರಿಸಿನಲ್ಲಿ ಲೇಸರಿನಿಂದ ತೂತು ಮಾಡಬೇಕಿತ್ತು. ಜಪಾನಿನ ಕಿಮಿಯಾ ಶಿಮಿಜು ಲೆನ್ಸಿನ ನಡುವೆಯೇ 0.36 ಮಿಲಿಮೀಟರಿನ ರಂಧ್ರ ಇಟ್ಟರು. ನೋಟಕ್ಕೆ ಅಡ್ಡಿಯಾಗದಷ್ಟು ಸಣ್ಣದು, ದ್ರವ ಹರಿಯುವಷ್ಟು ದೊಡ್ಡದು. ಐರಿಸ್ ತೂತು ಬೇಡವಾಯಿತು, ಪೊರೆಯ ದೂರು ಗಣನೀಯವಾಗಿ ಇಳಿಯಿತು. 2011ರಲ್ಲಿ ಯುರೋಪ್ ಒಪ್ಪಿತು. ಅಮೆರಿಕ ಒಪ್ಪಿದ್ದು 2022ರಲ್ಲಿ.

ಆ ಹನ್ನೊಂದು ವರ್ಷದ ಕಾಯುವಿಕೆ ಕೆಲವರಿಗೆ ವಿಳಂಬವಾಗಿ ಕಂಡೀತು. ಆದರೆ ಯುರೋಪಿನ ಮಾರುಕಟ್ಟೆಗೆ ಅದಕ್ಕೂ ಮೊದಲೇ ಬಂದಿದ್ದ, ಆಲ್ಕಾನ್ ಕಂಪನಿಯ ಕ್ಯಾಶೆ ಎಂಬ ಮುಂಗೋಣೆಯ ಲೆನ್ಸ್ ಅದೇ ಅವಧಿಯಲ್ಲಿ ಕೋಶನಷ್ಟದ ಕಾರಣಕ್ಕೆ ಹಿಂದೆ ಸರಿಯಿತು. ಹಾಕಿಸಿಕೊಂಡವರು ವರ್ಷವರ್ಷ ಕೋಶ ಎಣಿಸಿಕೊಳ್ಳುತ್ತ ಬದುಕಬೇಕಾಯಿತು. ಇತಿಹಾಸ ಕಣ್ಣಮುಂದಿರುವಾಗ ನಿಧಾನವೇ ರೋಗಿಯ ಪರ.

ಹಾಗಾಗಿ ಒಳ್ಳೆಯ ಆಸ್ಪತ್ರೆಯಲ್ಲಿ ‘ನಿಮಗೆ ಆಗುವುದಿಲ್ಲ’ ಎಂಬ ಮಾತು ಕೇಳಿಬಂದರೆ ಅದು ನಿರಾಸೆಯ ವಿಷಯವಾದರೂ ಸಿಟ್ಟಿನ ವಿಷಯವಲ್ಲ. ವಯಸ್ಸು 21 ದಾಟಿರಬೇಕು, ವರ್ಷದಿಂದ ಪವರ್ ನಿಂತಿರಬೇಕು. ಮುಂಗೋಣೆಯ ಆಳ ಸುಮಾರು 3 ಮಿಲಿಮೀಟರ್ ಇರಬೇಕು, ಕೋಶಗಳ ಸಂಖ್ಯೆ ವಯಸ್ಸಿಗೆ ತಕ್ಕಷ್ಟಿರಬೇಕು. ಪಾಪೆ ಹಿಗ್ಗಿಸಿ ರೆಟಿನಾದ ಅಂಚಿನವರೆಗೆ ನೋಡಿ, ತೆಳುವಾದ ಜಾಗ ಅಥವಾ ರಂಧ್ರ ಕಂಡರೆ ಅಗತ್ಯ ಬಿದ್ದಲ್ಲಿ ಮೊದಲು ಅದಕ್ಕೆ ಲೇಸರ್ ಮಾಡುತ್ತಾರೆ. ಜಾಹೀರಾತುಗಳು ಒತ್ತಿ ಹೇಳದ ಮಾತೊಂದಿದೆ: ಲೆನ್ಸ್ ಕೂತ ಮೇಲೂ ಕಣ್ಣುಗುಡ್ಡೆ ಉದ್ದವಾಗಿಯೇ ಉಳಿಯುತ್ತದೆ. ಕನ್ನಡಕ ಹೋದರೂ ರೆಟಿನಾ ಕಳಚುವ, ಗ್ಲಾಕೋಮಾ ಬರುವ ಅಪಾಯ ಹೋಗುವುದಿಲ್ಲ. ಕಣ್ಣೆದುರು ಮಿಂಚು, ದಿಢೀರನೆ ಹೆಚ್ಚಿದ ಕಪ್ಪು ಚುಕ್ಕೆಗಳು, ಒಂದು ಬದಿಯಿಂದ ಇಳಿದ ಪರದೆ ಕಂಡರೆ ಅದೇ ದಿನ ವೈದ್ಯರ ಬಳಿ ಓಡಬೇಕು.

ನಲವತ್ತು ದಾಟಿದ ಮೇಲೆ ಇವರಿಗೂ ಓದುವ ಕನ್ನಡಕ ಬರುತ್ತದೆ. ಮುಂದೆ ಪೊರೆಯೂ ಬರುತ್ತದೆ, ಕಡು ಸಮೀಪದೃಷ್ಟಿಯವರಿಗೆ ಉಳಿದವರಿಗಿಂತ ಬೇಗ. 1990ರ ದಶಕದಲ್ಲಿ ಮೂವತ್ತರ ಹರೆಯದಲ್ಲಿ ಐಸಿಎಲ್ ಹಾಕಿಸಿಕೊಂಡವರು ಈಗ ಅರವತ್ತರ ಆಸುಪಾಸಿನಲ್ಲಿದ್ದಾರೆ. ಪೊರೆ ಬಂದಾಗ ಸರ್ಜನ್ ಸಣ್ಣ ಗಾಯದ ಮೂಲಕ ಮೊದಲು ಐಸಿಎಲ್ ಎಳೆದು ತೆಗೆಯುತ್ತಾರೆ, ಅದೇ ಸಲ ಪೊರೆಯನ್ನೂ ತೆಗೆದು ಸಾಮಾನ್ಯ ಲೆನ್ಸ್ ಕೂರಿಸುತ್ತಾರೆ. ಅದರ ಪವರ್ ಲೆಕ್ಕ ಹಾಕಲು ಹಿಂದಿನ ಕಡತವೂ ನೆರವಾಗುತ್ತದೆ: ಆಪರೇಷನ್ನಿಗೆ ಮೊದಲಿನ ಕಣ್ಣಿನ ಉದ್ದ, ಕಾರ್ನಿಯಾದ ಬಾಗು, ಹಾಕಿದ್ದ ಲೆನ್ಸಿನ ಮಾದರಿ ಮತ್ತು ಅಳತೆ. ಬಹುತೇಕರಿಗೆ ಪ್ಲಸ್ 20ರ ಸುಮಾರಿನ ಲೆನ್ಸ್ ಹಾಕುವ ಕಡೆ, 30 ಮಿಲಿಮೀಟರ್ ದಾಟಿದ ಕಣ್ಣಿಗೆ ಬೇಕಾಗುವುದು ಸೊನ್ನೆಯ ಆಸುಪಾಸಿನ ಪವರ್, ಕೆಲವೊಮ್ಮೆ ಮೈನಸ್. ಅಂಥದ್ದು ಆಸ್ಪತ್ರೆಯ ಕಪಾಟಿನಲ್ಲಿ ಸಿದ್ಧವಿರುವುದಿಲ್ಲ, ಮೊದಲೇ ಹೇಳಿ ತರಿಸಬೇಕಾಗುತ್ತದೆ.